ಎಲೆಯುಳಿ ತೋಪಿನ ಮುಗಿಯದ ಕೂಟ

ಎಲೆಯುಳಿ ತೋಪನ್ನು ನೋಡದೆ ಕರಾವಳಿಯನ್ನೆಲ್ಲ ನೋಡಿ ಬಂದೆ ಎನ್ನುವವರ ಮಾತನ್ನು ಹೊನ್ನೆಕೊಡ್ಲದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕಾದ್ದೂ ಇಲ್ಲ. ಮೇಲಿನ ಊರಿನಲ್ಲಿ ತೋಪು ಎಂದು ತೋರಿಸುವುದು ನಾಲ್ಕು ಗಾಳಿಮರ, ಕೆಳಗಿನ ಊರಿನಲ್ಲಿ ಅದೂ ಇಲ್ಲ, ಬರೀ ಬೋರ್ಡು. ಇಲ್ಲಿ ಮಾತ್ರ ಕಡಲಿಗೂ ಗದ್ದೆಗೂ ನಡುವೆ ಮರಳಿನ ದಿಬ್ಬದ ಉದ್ದಕ್ಕೂ ಮೂವರು ಕೈ ಚಾಚಿದರೂ ತಬ್ಬಲಾಗದ ಸುರಹೊನ್ನೆ ಮರಗಳು ಸಾಲಾಗಿ ನಿಂತಿವೆ. ಬುಡದಲ್ಲಿ ಅಡುಂಬು ಬಳ್ಳಿ ಮರಳನ್ನು ಹೊಲಿದು ಹಿಡಿದಿದೆ. ಊರಿನ ಹನ್ನೆರಡು ಮನೆಗಳ ಕೂಟದ್ದೇ ಇಂದಿಗೂ ಇದರ ಉಸ್ತುವಾರಿ. ಮಕ್ಕಳ ಉಯ್ಯಾಲೆ ಎಲ್ಲಿರಬೇಕು, ಸಿಮೆಂಟು ಬೆಂಚು ಯಾವ ಮರದ ಬೇರಿನಿಂದ ಎಷ್ಟು ದೂರವಿರಬೇಕು, ಮಳೆ ಹಿಡಿದ ಮೇಲೆ ಯಾವ ಮನೆಯವರು ಎಲ್ಲಿ ಸಸಿ ನೆಡಬೇಕು ಎಂಬುದನ್ನೆಲ್ಲ ಅದೇ ತೀರ್ಮಾನಿಸುತ್ತದೆ. ತೋಪಿನ ನಡುವೆ ಹನ್ನೆರಡು ಕಲ್ಲುಗಳು ಬಳೆಯಂತೆ ಸುತ್ತುಗಟ್ಟಿವೆ. ಹನ್ನೊಂದು ಬರಿದು. ಹನ್ನೆರಡನೆಯದರ ಮೇಲೆ ಒಂದು ವೀಳ್ಯದೆಲೆ.

ಹಿಂದೆ ಒಮ್ಮೆ, ಹಾಯಿಹಡಗುಗಳು ಈ ತೀರದಲ್ಲಿ ಲಂಗರು ಹಾಕುತ್ತಿದ್ದ ಕಾಲದಲ್ಲಿ, ಹಡಗು ಕಟ್ಟಿಸುವ ಸಾಹುಕಾರನೊಬ್ಬ ಹೊನ್ನೆಕೊಡ್ಲಕ್ಕೆ ಬಂದನಂತೆ. ಹಾಯಿಕಂಬಕ್ಕೆ ಸುರಹೊನ್ನೆಯಷ್ಟು ನೆಟ್ಟಗಿನ, ಗಟ್ಟಿಯಾದ ಮರ ಬೇರೆಯಿಲ್ಲ. ತೋಪನ್ನು ಕಂಡವನೇ ಅವನು ದಿಬ್ಬದ ಮೇಲೆ ಕುಳಿತುಬಿಟ್ಟನೆನ್ನುತ್ತಾರೆ. ಮರಗಳನ್ನೆಲ್ಲ ಕೊಟ್ಟರೆ ಹುಲ್ಲು ಹೊದೆಸಿದ ಹನ್ನೆರಡು ಮನೆಗಳಿಗೂ ನಾಡಹೆಂಚಿನ ಮಾಡು ಹಾಕಿಸಿಕೊಡುವುದಾಗಿ ಮಾತು ಕೊಟ್ಟ. ವರ್ಷವರ್ಷವೂ ಹುಲ್ಲು ಹೊದೆಸಿ ಬೆನ್ನು ಬಾಗಿದವರಿಗೆ ಅದು ಸಣ್ಣ ಮಾತಲ್ಲ. ಊರಿನ ಹಿರಿಯ ಬೊಮ್ಮು ಗೌಡ ತೋಪಿನ ನಡುವೆ ಕೂಟ ಕರೆದ. ಅವನ ಬಲಕ್ಕೆ ಕೂತವನು ನ್ಯಾಯ ಹೇಳುವ ಸೋಮ ಬುಧವಂತ. ಕೊನೆಯ ಜಾಗದಲ್ಲಿ ಕೂತವಳು ಬುಧವಂತನ ತಮ್ಮನ ಹೆಂಡತಿ ಮಾಸ್ತಮ್ಮ. ಗಂಡ ತೀರಿಹೋಗಿದ್ದ, ಮಗಳು ಚಿಕ್ಕವಳು, ಹಾಗಾಗಿ ಆ ಮನೆಯ ಮಾತು ಅವಳದೇ. ದಿಬ್ಬದ ಬೆನ್ನಿಗೇ ಅಂಟಿಕೊಂಡಿದ್ದ ಒಂದು ತುಂಡು ಗದ್ದೆ, ಒಂದು ಸಿಹಿನೀರಿನ ಬಾವಿ ಬಿಟ್ಟರೆ ಅವಳಿಗೆ ಬೇರೇನೂ ಇರಲಿಲ್ಲ.

ಅವಳ ತವರು ಹಳೇಬೈಲು. ಅಲ್ಲಿನವರು ಸೌದೆಗೆಂದು ದಿಬ್ಬದ ಮರ ಕಡಿದ ಮೂರನೇ ವರ್ಷ ಮರಳು ಗದ್ದೆಗಿಳಿಯಿತು, ಐದನೇ ವರ್ಷ ಮನೆಗೆ ನುಗ್ಗಿತು. ಮಾಸ್ತಮ್ಮ ಅದನ್ನು ಕೂಟದಲ್ಲಿ ಹೇಳಿದಳು. ಹನ್ನೊಂದು ಜನ ಕೇಳಿಸಿಕೊಂಡರು, ಕಣ್ಣು ಮಾತ್ರ ಹೆಂಚಿನ ಕಡೆಗೇ ಇತ್ತು.

"ಹೆಂಚಿನ ಮಾಡು ಬೇಡ ಅಂಬವಳು ನೀನೊಬ್ಬಳೇ ನೋಡು ಮಾಸ್ತಿ," ಎಂದ ಗೌಡ.

"ನನ್ನ ತವರಲ್ಲೂ ಮಾಡು ಇತ್ತು ಗೌಡರೆ. ಈಗ ಅದರ ಮೇಲೇ ನಡ್ಕಂಡು ಹೋಗಬಹುದು."

ಯಾರೋ ನಕ್ಕರು. ಹನ್ನೊಂದು ಮನೆ ಒಪ್ಪಿತು, ಒಂದು ಒಪ್ಪಲಿಲ್ಲ. ಹೆಚ್ಚಿನವರ ಮಾತೇ ನಡೆಯುವ ಕೂಟವಾದ್ದರಿಂದ ತೀರ್ಮಾನವಾಯಿತು, ಉಳಿದದ್ದು ವೀಳ್ಯವಷ್ಟೆ. ಹೊನ್ನೆಕೊಡ್ಲದ ಕಟ್ಟು ಹೀಗೆ: ಕೂಟದ ಕೊನೆಗೆ, ಮನೆಮನೆಗೆ ಕರೆ ಮುಟ್ಟಿಸುವ ಕೋಲಕಾರ ಒಬ್ಬೊಬ್ಬರ ಮುಂದೆ ಒಂದೊಂದು ವೀಳ್ಯ ಇಡುತ್ತಾನೆ. ಬಾಯಿಗೆ ಹಾಕಿಕೊಂಡವನು ತೀರ್ಮಾನವನ್ನು ನುಂಗಿದಂತೆ, ಮತ್ತೆ ಅದರಿಂದ ಹಿಂದೆ ಸರಿಯುವಂತಿಲ್ಲ. ಹನ್ನೆರಡು ವೀಳ್ಯವೂ ಬಾಯಿ ಸೇರಿದರೇ ಕೂಟ ಮುಗಿಯಿತು. ಮುಗಿಯುವ ಮೊದಲೇ ಎದ್ದುಹೋದ ಮನೆಗೆ ಕೂಟದಲ್ಲಿ ಜಾಗವಿಲ್ಲ. ಎಂದೋ ಒಂದು ಕೂಟದಲ್ಲಿ ಕತ್ತಿ ಎತ್ತಿ ಹೆಣ ಬಿದ್ದಿದ್ದರಿಂದ, ಕೂಟ ನಡೆಯುವಷ್ಟು ಹೊತ್ತು ತೋಪಿನಲ್ಲಿ ಕತ್ತಿಯಾಗಲಿ ಕೊಡಲಿಯಾಗಲಿ, ಯಾರೂ ಕಬ್ಬಿಣ ಎತ್ತುವಂತೆಯೂ ಇಲ್ಲ. ಅಂದು ಹನ್ನೊಂದು ಜನ ವೀಳ್ಯ ಅಗಿದರು. ಮಾಸ್ತಮ್ಮ ತನ್ನ ಎಲೆಯನ್ನು ನೋಡುತ್ತ ಕುಳಿತಳು. ಅಜ್ಜನ ಕಾಲದಿಂದ ಯಾರೂ ವೀಳ್ಯ ಬಿಟ್ಟದ್ದಿಲ್ಲ. ಬಿಟ್ಟರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತೆನ್ನುತ್ತಾರೆ. ಅವಳು ಕೈಯನ್ನು ಮಡಿಲಿನಿಂದ ತೆಗೆಯಲಿಲ್ಲ.

"ಏನೇ, ಸುಣ್ಣ ಹೆಚ್ಚಾಯ್ತ?" ಎಂದು ಕೇಳಿದ ಬುಧವಂತ.

"ಸುಣ್ಣ ಸರಿ ಅದೆ ಭಾವ. ನನ್ನ ಯೋಚ್ನೆ ಮುಗಿಲಿಲ್ಲ."

ಬಿಸಿಲು ಇಳಿಯಿತು, ಅವಳ ಯೋಚನೆ ಮುಗಿಯಲಿಲ್ಲ. ಮರುದಿನವೂ ಮುಗಿಯಲಿಲ್ಲ. ಜಾಗ ಕಳೆದುಕೊಳ್ಳುವ ಹೆದರಿಕೆಗೆ ಹನ್ನೊಂದು ಗಂಡಸರೂ ಕೂತಲ್ಲೇ ಕೂತರು. ಮನೆಯವರು ಗಂಜಿ ಹೊತ್ತು ತಂದರು, ಜೊತೆಗೆ ಬೈಗುಳವನ್ನೂ ತಂದರು. "ಒಂದು ಎಲೆ ತಿಂಬೂಕೆ ಎಷ್ಟು ದಿನ ಮಾರಾಯ್ತಿ, ಆಡೂ ಇಷ್ಟು ಹೊತ್ತು ತಕಳೂದಿಲ್ಲ," ಎಂದು ಬುಧವಂತ ಸೊಂಟ ಹಿಡಿದುಕೊಂಡು ಗೊಣಗಿದ. ಮಾಸ್ತಮ್ಮ ಮಗಳ ಕೈಯಿಂದ ಗಂಜಿ ಕುಡಿದು, ಬಾಯಿ ಒರೆಸಿಕೊಂಡು, ಮತ್ತೆ ಎಲೆ ನೋಡುತ್ತ ಕುಳಿತಳು. ಸಾಹುಕಾರನ ಆಳುಗಳು ಕೊಡಲಿಗಳನ್ನು ಮರಳಿನಲ್ಲಿ ಚುಚ್ಚಿ ದಿಬ್ಬದಾಚೆ ಕಾದರು. ಮಳೆಗಾಲ ಹತ್ತಿರವಾಗುತ್ತಿತ್ತು. ಮರ ಸಾಗಿಸಲು ಬಂದ ಹಡಗು ಅದಕ್ಕೂ ಮುಂಚೆ ಹೊರಡಬೇಕು.

ಮೂರನೇ ದಿನ ಸಾಹುಕಾರನ ತಾಳ್ಮೆ ಕೆಟ್ಟಿತು. ದಿಬ್ಬದ ಬಡಗು ತುದಿ ಆಗ ನೆರೆಕೇರಿಯವರದು, ಅವರಲ್ಲಿ ಕೂಟವೂ ಇಲ್ಲ, ವೀಳ್ಯವೂ ಇಲ್ಲ, ಹಿಂದಿನ ವಾರವೇ ಒಪ್ಪಿಬಿಟ್ಟಿದ್ದರು. ಆಳುಗಳು ಅಲ್ಲಿಗೆ ಹೋಗಿ ಸಂಜೆಯೊಳಗೆ ಆ ತುದಿಯನ್ನು ಬೋಳು ಮಾಡಿದರು. ಮರ ಉರುಳಿದ ಒಂದೊಂದು ಸದ್ದನ್ನೂ ಮಾಸ್ತಮ್ಮ ಬೆರಳು ಮಡಿಸಿ ಎಣಿಸಿದಳು. ನಾಲ್ಕನೆಯ ದಿನ ಮಳೆಗೆ ಮುಂಚಿನ ಪಡುವಣ ಗಾಳಿ ಎದ್ದಿತು. ತೋಪಿನೊಳಗೆ ಕೂತವರಿಗೆ ಅದು ನೆತ್ತಿಯ ಮೇಲಿನ ಸದ್ದು ಮಾತ್ರ. ಬಡಗು ತುದಿಯ ಬೋಳಿನಲ್ಲಿ ಮಾತ್ರ ಅದು ಬಾಗಿಲು ತೆರೆದ ಮನೆಗೆ ನುಗ್ಗಿದಂತೆ ನುಗ್ಗಿತು. ಮಧ್ಯಾಹ್ನ ಕೋಲಕಾರ ಮೈಯೆಲ್ಲ ಮರಳಾಗಿ ಓಡಿಬಂದ.

"ಗೌಡರೆ, ನಿಮ್ಮ ಸಸಿಮಡಿ ಕಾಣ್ತಿಲ್ಲ."

"ಕಾಣೂದಿಲ್ಲ ಅಂದ್ರೆ? ದನ ಮೇಯ್ತಾ?"

"ಮಡಿಯೇ ಕಾಣ್ತಿಲ್ಲ. ಮರಳದೆ."

ಬಡಗು ತುದಿಯ ಹಿಂದಿನ ಗದ್ದೆಯಲ್ಲಿ ಬೆರಳುದ್ದ ಎದ್ದಿದ್ದ ಭತ್ತದ ಸಸಿ, ಗೌಡನ ಮನೆಯ ಆ ವರ್ಷದ ಅನ್ನ, ಅರ್ಧ ದಿನದಲ್ಲಿ ಹೂತುಹೋಗಿತ್ತು. ಹನ್ನೊಂದು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಮೊದಲ ದಿನವೇ ವೀಳ್ಯ ನುಂಗಿಯಾಗಿತ್ತು. ತಿಂದದ್ದನ್ನು ಉಗುಳಿ ಮಾತು ತಿರುಗಿಸಿದರೆ ಆ ಕೂಟದ ಮಾತಿಗೆ ನಾಳೆ ನಾಯಿಯೂ ಬೆಲೆ ಕೊಡದು. ಆಗ ಎಲ್ಲರ ಕಣ್ಣೂ ಮಾಸ್ತಮ್ಮನ ಮುಂದಿದ್ದ ಎಲೆಯ ಮೇಲೆ ಬಿತ್ತು. ಅದು ಬಾಡಿ ಸುರುಟಿಕೊಂಡಿತ್ತು, ಆದರೆ ಇತ್ತು. ಮಾಸ್ತಮ್ಮ ಬೇಕೆಂದೇ ಕೈ ಚಾಚಿ ಅದನ್ನು ಎತ್ತಿಕೊಂಡಳು.

"ನಾಲ್ಕು ದಿನ ಎಲ್ಲರ ಹತ್ರ ಬೈಸ್ಕಂಡೆ. ಈಗ ತಿಂದೇಬಿಡ್ತೆ ಭಾವ."

"ಇಡೇ, ಕೆಳಗಿಡೇ ತಾಯಿ," ಎಂದು ಬುಧವಂತ ಕೂತಲ್ಲಿಂದಲೇ ಎರಡೂ ಕೈ ಮುಗಿದ. "ಯೋಚ್ನೆ ಮಾಡು. ಬೇಕಾದಷ್ಟು ಮಾಡು. ನಿನ್ನ ಮೊಮ್ಮಕ್ಕಳ ಕಾಲದವರೆಗೂ ಮಾಡು."

ಅವಳು ನಕ್ಕು ಎಲೆಯನ್ನು ಇದ್ದಲ್ಲೇ ಇಟ್ಟಳು. ನಾಲ್ಕು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲ ಸಲವಂತೆ.

ಸಂಜೆ ಸಾಹುಕಾರನೇ ಬಂದ, ಹೊಸ ಎಲೆ, ಒಳ್ಳೆಯ ಅಡಕೆ, ಏಲಕ್ಕಿ ಎಲ್ಲ ತಟ್ಟೆಯಲ್ಲಿ ಹಿಡಿದುಕೊಂಡು. ಕೊಟ್ಟ ಮಾತು ಏನಾಯಿತು ಎಂದು ಕೇಳಿದ. "ನಮ್ಮ ಮಾತು ಮಾತೇ," ಎಂದ ಬೊಮ್ಮು ಗೌಡ ಎದೆಯುಬ್ಬಿಸಿ. "ಕೂಟ ಮುಗಿದ ಗಳಿಗೆ ಬಂದು ಕಡ್ಕಂಡು ಹೋಗಿ." ಸಾಹುಕಾರ ಮಾಸ್ತಮ್ಮನ ಕಡೆ ತಿರುಗಿದ. ಅವಳು ತಟ್ಟೆಯನ್ನು ನೋಡಿ, "ಏಲಕ್ಕಿ ಚಲೋ ಅದೆ. ಯೋಚ್ನೆ ಮುಗಿಲಿಲ್ಲ," ಎಂದಳು. ಎರಡು ದಿನ ಕಾದು, ಮೋಡ ಕಟ್ಟಿದ್ದನ್ನು ಕಂಡು, ಅವನು ಹಡಗು ಬಿಡಿಸಿಕೊಂಡು ಹೋದ. ಹನ್ನೆರಡು ಮನೆ ಸೇರಿ ಅಷ್ಟು ದೊಡ್ಡ ಹಡಗನ್ನು ಒಂದು ಒಣಗಿದ ಎಲೆಯಿಂದ ಓಡಿಸಿದ್ದು ಈ ಕಡಲಿನ ಉದ್ದಕ್ಕೂ ಬೇರೆಲ್ಲಿಯೂ ನಡೆದಿಲ್ಲ.

ಕೂಟವೇನೋ ಮುಗಿಯಬಾರದು, ಆದರೆ ಉಳುಮೆಗೆ ಹೋಗಬೇಕಲ್ಲ. ಬುಧವಂತನೇ ದಾರಿ ಹುಡುಕಿದ. ಒಬ್ಬೊಬ್ಬರೂ ತಮ್ಮ ಜಾಗದಲ್ಲಿ ತಮ್ಮ ಮನೆಯ ಒಂದು ಕಲ್ಲನ್ನು ಕೂರಿಸಿ ಎದ್ದರು. ಮೊದಲು ಅವರು ಮಾಡಿದ ಕೆಲಸ ಬಡಗು ತುದಿಗೆ ಅಡುಂಬು ಬಳ್ಳಿ ಹಬ್ಬಿಸಿ ಹೊನ್ನೆಯ ಬೀಜ ಊರಿದ್ದು. ನೆರೆಕೇರಿಯವರು ಆ ತುದಿಯನ್ನು ಕೂಟಕ್ಕೇ ಒಪ್ಪಿಸಿ ಕೈ ತೊಳೆದುಕೊಂಡರು. ಎಲೆ ಉಳಿದ ಆ ಜಾಗ ಜನರ ಬಾಯಲ್ಲಿ ಎಲೆಯುಳಿಯಾಯಿತು.

ಇಂದಿಗೂ ಮಳೆಗಾಲಕ್ಕೆ ಮುನ್ನ ಮಾಸ್ತಮ್ಮನ ವಂಶದ ಹೆಂಗಸು ಹಳೆಯ ಎಲೆ ತೆಗೆದು ಹೊಸದನ್ನಿಟ್ಟು, ಗಾಳಿಗೆ ಹಾರದಂತೆ ಮೇಲೊಂದು ಚಿಪ್ಪು ಇಟ್ಟು ಹೋಗುತ್ತಾಳೆ. ದಿಬ್ಬ ಸಮತಟ್ಟು ಮಾಡಿ ರೆಸಾರ್ಟು ಕಟ್ಟುತ್ತೇವೆಂದು ನಕ್ಷೆ ಹಿಡಿದು ಬಂದವರಿಗೆ ಊರವರು ಚಹಾ ಕೊಟ್ಟು, ಕಲ್ಲುಗಳನ್ನು ತೋರಿಸಿ, ಕೂಟ ಮುಗಿಯಲಿ ಎನ್ನುತ್ತಾರೆ. ಬಡಗು ತುದಿಯ ಮರಗಳು ಉಳಿದವಕ್ಕಿಂತ ತುಸು ಗಿಡ್ಡ, ನೋಡಿದರೆ ತಿಳಿಯುತ್ತದೆ. ಕಲ್ಲಿನ ಮೇಲಿನ ಎಲೆಯನ್ನು ಕಂಡು ಪರವೂರಿನವರು ಯಾರಾದರೂ ಕೈ ಚಾಚಿದರೆ, ಬೆಂಚಿನ ಮೇಲೆ ಕೂತ ಕೋಲಕಾರ ತಲೆಯೆತ್ತದೆ ಹೇಳುತ್ತಾನೆ: "ಮುಟ್ಟಬೇಡಿ. ಸಭೆ ನಡೀತಾ ಅದೆ."