ಕೂಲಿಯಲ್ಲಿ ಅರ್ಧ ಪಾಲು

ಮಾರ್ಚ್ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಶಿಷ್ಯನೊಬ್ಬ ಗುರುಗಳನ್ನು ಕೇಳಿದ:

“ಗುರುಗಳೇ, ಜನರ ಹಣವನ್ನು ಮ್ಯೂಚುವಲ್ ಫಂಡ್‌ಗಳಲ್ಲಿ ಹೂಡಿ ನೋಡಿಕೊಳ್ಳುವ ಒಂದು ಕಂಪನಿ ಇದೆ. ಅದರ ಫಂಡ್‌ಗೆ ನಾನು ಹಣ ಹಾಕಿಲ್ಲ. ಕಂಪನಿಯ ಷೇರನ್ನೇ ಕೊಂಡಿದ್ದೇನೆ. ಹಣ ಹಾಕಿದವರಿಗೆ ಲಾಭವಾಗಲಿ ನಷ್ಟವಾಗಲಿ, ಕಂಪನಿಗೆ ಶುಲ್ಕ ಬಂದೇ ಬರುತ್ತದೆ. ಹಣ ಹೆಚ್ಚು ಸೇರಿದಷ್ಟೂ ಶುಲ್ಕ ಹೆಚ್ಚು. ಆದರೆ ಈಚೆಗೆ ನೆಂಟರ ಮನೆಗೆ ಹೋಗಲು ನಾಚಿಕೆಯಾಗುತ್ತಿದೆ. ನಾನು ಮಾಡಿದ ತಪ್ಪೇನು?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕುರಿಗಾಹಿ ಊರವರ ಕುರಿಗಳನ್ನು ಮೇಯಿಸುತ್ತಿದ್ದ. ತಲೆಗಿಷ್ಟು ಎಂದು ಕೂಲಿ. ಮರಿ ಹುಟ್ಟಿದರೆ ಒಡೆಯನದು, ಕುರಿ ಸತ್ತರೆ ನಷ್ಟವೂ ಒಡೆಯನದೇ. ಗುರುತಿಗೆಂದು ಪ್ರತಿ ಮನೆಯವರೂ ತಮ್ಮ ಕುರಿಗಳ ಬೆನ್ನಿಗೆ ಒಂದೊಂದು ಬಣ್ಣ ಹಚ್ಚುತ್ತಿದ್ದರು.

ಒಬ್ಬ ವ್ಯಾಪಾರಿ ಇದನ್ನು ನೋಡಿದ. ಅವನು ಕುರಿ ಕೊಳ್ಳಲಿಲ್ಲ. ದೊಡ್ಡಿ ಕಟ್ಟಿಸಲು ಕುರಿಗಾಹಿಗೆ ಹಣ ಕೊಟ್ಟು, ಕೂಲಿಯಲ್ಲಿ ಅರ್ಧ ಪಾಲು ಪಡೆದ. ಅದರಲ್ಲಿ ಮೋಸವೇನೂ ಇರಲಿಲ್ಲ.

ಆಮೇಲೆ ಅವನು ಮನೆಮನೆಗೆ ಹೋದ. “ಕುರಿ ಕೊಂಡು ಆ ಹಿಂಡಿಗೆ ಬಿಡಿ. ಅಂಥ ನಂಬಿಕಸ್ಥ ಇನ್ನೊಬ್ಬನಿಲ್ಲ” ಎಂದ. ತನ್ನ ಪಾಲಿನ ವಿಷಯ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಅವನ ತಂಗಿ ಬಳೆ ಮಾರಿ ಕುರಿ ಕೊಂಡಳು, ಹಳದಿ ಬಣ್ಣ ಹಚ್ಚಿದಳು.

ಹಿಂಡು ದೊಡ್ಡದಾಯಿತು. ಕುರಿಗಾಹಿ ಬಂದು ಹೇಳಿದ: “ಧಣಿ, ಇನ್ನು ಸಾಕು ಮಾಡಿ. ಹುಲ್ಲು ಸಾಲುತ್ತಿಲ್ಲ.”

“ನಿನಗೆ ಕೂಲಿ ಬರುವುದು ಹುಲ್ಲಿನ ಲೆಕ್ಕದಲ್ಲೋ, ತಲೆಯ ಲೆಕ್ಕದಲ್ಲೋ? ಹೋಗಯ್ಯ, ಮೇಯಿಸು” ಎಂದು ವ್ಯಾಪಾರಿ ನಕ್ಕ.

ಬೇಸಿಗೆಯಲ್ಲಿ ಕುರಿಗಳು ಸೊರಗಿದವು. ಕೆಲವು ಸತ್ತವು. ಕೂಲಿ ಮಾತ್ರ ಸರಿಯಾಗಿ ಬಂತು.

ಒಂದು ಸಂಜೆ ತಂಗಿ ಅಣ್ಣನನ್ನು ದೊಡ್ಡಿಗೆ ಕರೆದುಕೊಂಡು ಹೋದಳು. ಬೈಯುತ್ತಾಳೆಂದು ಅವನು ಉತ್ತರ ಸಿದ್ಧ ಮಾಡಿಕೊಂಡಿದ್ದ. ಅವಳು ಬೈಯಲಿಲ್ಲ. ಬೇಲಿಯ ಮೇಲೆ ಬಾಗಿ ಕುರಿಗಳ ಬೆನ್ನುಗಳನ್ನು ಒಂದೊಂದಾಗಿ ನೋಡುತ್ತಾ ನಡೆದಳು.

“ನನ್ನವು ನೋಡು, ಮೂಳೆ ಎಣಿಸಬಹುದು. ನಿನ್ನವೂ ಹೀಗೇ ಆಗಿರಬೇಕು, ಪಾಪ. ಆಗಿನಿಂದ ಹುಡುಕುತ್ತಿದ್ದೇನೆ. ನಿನ್ನ ಬಣ್ಣ ಯಾವುದಣ್ಣಾ?”

ವ್ಯಾಪಾರಿ ನೆಲ ನೋಡಿದ. ಆ ಹಿಂಡಿನಲ್ಲಿ ಅವನ ಕುರಿ ಒಂದೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಷೇರು ಕೊಂಡದ್ದು ತಪ್ಪಲ್ಲ” ಎಂದು ಶಿಷ್ಯ ಮೆಲ್ಲಗೆ ಹೇಳಿದ.

“ಅಲ್ಲ. ನಿನ್ನ ಮಾತು ನಂಬಿ ಆ ಫಂಡ್‌ಗೆ ಹಣ ಹಾಕಿದ ನೆಂಟರು ಎಷ್ಟು ಜನ?”

ಶಿಷ್ಯ ಬೆರಳು ಮಡಿಸಿ ಎಣಿಸಿದ. ಏಳು ಜನ.