ಮಣೆಯ ಮೇಲಿನ ಹೆಂಚು

ಗುರುಪಾದವನ್ನು ನೆನೆದು ಇದನ್ನು ಹೇಳುತ್ತಿದ್ದೇನೆ. ಓದುವಾಗ ನಗು ಬಂದರೆ ನಕ್ಕುಬಿಡಿ. ನಗುವೂ ಭಗವಂತನ ಪ್ರಸಾದವೇ.

ಕಪಿಲಾ ನದಿಯ ದಡದಲ್ಲಿ ಒಂದು ಸಣ್ಣ ಆಶ್ರಮ. ಆಶ್ರಮವೆಂದರೆ ಭಕ್ತರೊಬ್ಬರು ಬಿಟ್ಟುಕೊಟ್ಟ ಹಳೆಯ ಹೆಂಚಿನ ಮನೆ. ಅಲ್ಲಿ ಅಚ್ಯುತಾಶ್ರಮ ಸ್ವಾಮಿಗಳು, ಅವರ ಶಿಷ್ಯ ಪಶುಪತಿ, ಅಡುಗೆಯ ಭಾಗಮ್ಮ. ಇಷ್ಟೇ ಜನ.

ಮನೆ ಸೋರುತ್ತಿತ್ತು. ಎಲ್ಲೆಲ್ಲೂ ಅಲ್ಲ, ಒಂದೇ ಮೂಲೆಯಲ್ಲಿ. ಆ ಮೂಲೆಯಲ್ಲೇ ಸ್ವಾಮಿಗಳ ಗುರುಗಳ ಪಾದುಕೆ ಇತ್ತು. ಪಾದುಕೆಯ ಎದುರಿಗೆ ಸ್ವಾಮಿಗಳ ಮಣೆ.

ವ್ಯಾಸಪೂರ್ಣಿಮೆ ಹತ್ತಿರ ಬರುತ್ತಿತ್ತು. ಅಂದು ಚಾತುರ್ಮಾಸ್ಯದ ಸಂಕಲ್ಪ ಮಾಡಿದರೆ, ವ್ರತ ಮುಗಿಯುವವರೆಗೆ ಸ್ವಾಮಿಗಳು ಆ ಮಣೆ ಬಿಟ್ಟು ಬೇರೆಡೆ ಕೂರುವವರಲ್ಲ. ಹೋದ ಮಳೆಗಾಲದಲ್ಲಿ ಅಲ್ಲೇ ನೆನೆದು ಹಿಡಿದ ಕೆಮ್ಮು ದೀಪಾವಳಿಯವರೆಗೂ ಬಿಟ್ಟಿರಲಿಲ್ಲ. ಎಂಬತ್ತು ದಾಟಿದ ದೇಹ. ಈ ಸಲವೂ ನೆನೆದರೆ? ಆ ಯೋಚನೆಯಲ್ಲಿ ಪಶುಪತಿಗೆ ಅನ್ನ ಸೇರುತ್ತಿರಲಿಲ್ಲ.

“ಮಣೆಯನ್ನು ಒಂದು ಮಾರು ಈಚೆಗೆ ಹಾಕಲೇ, ಗುರುಗಳೇ?”

“ಪಾದುಕೆಯನ್ನೂ ಈಚೆಗೆ ಹಾಕುತ್ತೀಯೇನು?”

“ಅಯ್ಯೋ, ಅದು ಪ್ರತಿಷ್ಠೆ ಆದದ್ದು.”

“ನಾನೂ ಹಾಗೇ ಅಂದುಕೋ. ಸೂರು ರಿಪೇರಿ ಮಾಡಿಸು. ಯಾರಿಂದ, ಹೇಗೆ, ಎಲ್ಲ ನಿನಗೇ ಬಿಟ್ಟದ್ದು.”

ಗುರುಗಳು ಮೊದಲ ಸಲ ಇಷ್ಟು ದೊಡ್ಡ ಕೆಲಸ ಒಪ್ಪಿಸಿದ್ದರು. ಪಶುಪತಿ ಪಾದುಕೆಗೆ ನಮಸ್ಕಾರ ಮಾಡಿ ಹೊರಟ.

ಮೊದಲು ಪೇಟೆಯ ಕಂಟ್ರಾಕ್ಟರ್ ರಾಜಶೇಖರ ಬಂದ. ಕಪ್ಪು ಕನ್ನಡಕ ಹಣೆಗೇರಿಸಿ ಅಂಗಳದಿಂದಲೇ ಮೇಲೆ ನೋಡಿದ.

“ಇದನ್ನ ಕಿತ್ತು ಬಿಸಾಕಿ ಸ್ವಾಮಿ. ಆರ್‌ಸಿಸಿ ಹಾಕ್ಬಿಡೋಣ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ.”

“ನಾವು ಬ್ರಹ್ಮಚಾರಿಗಳು.”

“ಹಂಗಾದ್ರೆ ಶಿಷ್ಯಂದಿರ ಮೊಮ್ಮಕ್ಕಳ ಕಾಲಕ್ಕೆ ಅಂತ ಇಟ್ಕೊಳಿ.”

ಆಮೇಲೆ ಮರಗೆಲಸದ ಮರಿಯಾಚಾರಿ ಬಂದರು. ಒಳಗೆ ನಿಂತು ಕೋಲಿನಿಂದ ಒಂದೊಂದೇ ಮರವನ್ನು ತಟ್ಟಿ, ಕಿವಿಗೊಟ್ಟು ಕೇಳಿದರು.

“ಹೆಂಚಿಂದೇನೂ ತಪ್ಪಿಲ್ಲ ಸ್ವಾಮಿ. ಮರ ಮುದಿಯಾಗಿದೆ. ಮರ ಬಗ್ಗಿದ್ರೆ ಹೆಂಚು ಜಾರುತ್ತೆ. ಪೂರ್ತಿ ಮರ ಬದಲಾಯಿಸಿ. ಆರ್‌ಸಿಸಿ ಅಂದೋನು ಯಾರು? ಈ ಗೋಡೆ ಮೇಲೆ ಕಾಂಕ್ರೀಟು ಕೂರಿಸಿದ್ರೆ ಗೋಡೆ ಅಳುತ್ತೆ.”

ಕೊನೆಗೆ ಹೆಂಚು ಹೊದಿಸುವ ಇನಾಯತ್ ಸಾಬರು ಬಂದರು. ಮಣೆಯ ಹತ್ತಿರ ನಿಂತು, ತಲೆಯೆತ್ತಿ, ಗಡ್ಡ ಕೆರೆದುಕೊಂಡರು.

“ಮರ ಇನ್ನೂ ನನಗಿಂತ ಗಟ್ಟಿ ಐತೆ. ಇಡೀ ಸೂರಿನ ಹೆಂಚು ಇಳಿಸಿ ಹೊಸದು ಹೊದಿಸಿದ್ರೆ ಸಾಕು. ಕೋತಿ ಕಾಟ ಏನಾದ್ರೂ ಉಂಟಾ?”

“ಇಲ್ಲ ಸಾಬರೇ. ನಾನಂತೂ ಇಲ್ಲಿ ಒಂದು ಕೋತಿಯನ್ನೂ ಕಂಡಿಲ್ಲ.”

“ಹಂಗಾದ್ರೆ ಸರಿ. ಬೇಗ ಹೇಳಿಬಿಡಿ. ಮಳೆ ಹಿಡೀತು ಅಂದ್ರೆ ಹೆಂಚು ಬಿಚ್ಚೋಕಾಗಲ್ಲ.”

ಮೂವರ ಕೊಟೇಶನ್ನೂ ಬಂತು. ಒಂದು ಆನೆಯಷ್ಟು, ಒಂದು ಎತ್ತಿನಷ್ಟು, ಒಂದು ಮೇಕೆಯಷ್ಟು. ಪಶುಪತಿ ಅವುಗಳನ್ನು ಎದುರಿಗಿಟ್ಟುಕೊಂಡು ಕೂತ. ಅಗ್ಗದ್ದನ್ನು ಹಿಡಿದರೆ ಗುರುಗಳು ನೆನೆದಾರು ಎಂಬ ಭಯ. ದುಬಾರಿಯದನ್ನು ಹಿಡಿದರೆ ಭಕ್ತರ ಕಾಣಿಕೆ ಪೋಲಾದೀತು ಎಂಬ ಭಯ. ನಡುವಿನದನ್ನು ಹಿಡಿಯೋಣವೆಂದರೆ, ನಡುವಿನದು ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣ ಹೊಳೆಯಲಿಲ್ಲ.

ಒಬ್ಬನ ಮಾತನ್ನು ಇನ್ನೊಬ್ಬನಿಗೆ ಹೇಳಿದ. ಅವನ ಮಾತನ್ನು ಮತ್ತೊಬ್ಬನಿಗೆ ಹೇಳಿದ. ಮೂವರೂ ಪರಸ್ಪರ ಬೈದುಕೊಂಡರು, ಸೂರು ಮಾತ್ರ ಹಾಗೇ ಇತ್ತು.

ಭಾಗಮ್ಮ ಸೊಪ್ಪು ಸೋಸುತ್ತಾ ನೋಡಿದರು. “ಹೆಣ್ಣು ನೋಡೋಕೆ ಹೋದೋರೂ ಇಷ್ಟು ಅಳೆದೂ ಸುರಿದೂ ಮಾಡಲ್ಲ ಕಣಪ್ಪ.”

ಆ ಸಂಜೆ ಒಂದು ಹದವಾದ ಮಳೆ ಬಂತು. ಮಣೆಯ ಮೇಲೆ ಟಪ್ ಟಪ್ ಎಂದು ಹನಿ ಬಿತ್ತು. ಪಶುಪತಿ ಓಡಿ ಬಂದಾಗ ಗುರುಗಳು ತಮ್ಮ ಹಿತ್ತಾಳೆ ಚೊಂಬನ್ನು ಹನಿಯ ಕೆಳಗಿಟ್ಟು ಕಣ್ಣು ಮುಚ್ಚಿ ಕೂತಿದ್ದರು.

“ಗುರುಗಳೇ, ನೆನೆಯುತ್ತಿದ್ದೀರಿ!”

“ಸುಮ್ಮನಿರು. ಆದಿತಾಳ ಇತ್ತು, ನಿನ್ನ ಗಲಾಟೆಗೆ ತಪ್ಪಿತು.”

ಪಶುಪತಿ ಪಂಚೆಯ ಚುಂಗಿನಿಂದ ಅವರ ಭುಜ ಒರೆಸಿದ. ಗುರುಗಳು ಎರಡು ಸಲ ಕೆಮ್ಮಿದರು. ಅವನ ಕಣ್ಣು ತುಂಬಿತು.

“ನನಗೆ ತೀರ್ಮಾನ ಮಾಡಲು ಆಗುತ್ತಿಲ್ಲ. ಮೂರರಲ್ಲಿ ಯಾವುದು ಸರಿ ಎಂದು ತಿಳಿಯುತ್ತಿಲ್ಲ. ನಾಲ್ಕನೆಯವರೊಬ್ಬರನ್ನು ಕರೆಸಿ ಕೇಳಿಬಿಡುತ್ತೇನೆ.”

“ಕರೆಸು. ಐದನೆಯವನನ್ನೂ ಕರೆಸು. ಅದಕ್ಕೆ ಮುಂಚೆ ಒಂದು ಕೆಲಸ. ನಾಳೆ ಮಧ್ಯಾಹ್ನ ಕಾಗೆಗೆ ಅನ್ನ ಹಾಕಿದ ಮೇಲೆ ಹೊಳೆಗೆ ಹೋಗಬೇಡ. ನೇರ ಒಳಗೆ ಬಂದು ಈ ಮಣೆಯ ಮೇಲೆ ಕೂತ್ಕೋ.”

“ನಿಮ್ಮ ಮಣೆಯ ಮೇಲೆ? ನಾನೇ?”

“ಹೌದು, ನೀನೇ.”

ಇಲ್ಲಿ ಒಂದು ಮಾತು ಹೇಳಬೇಕು. ದಿನವೂ ನೈವೇದ್ಯವಾದ ಮೇಲೆ ಕಾಗೆಗೆಂದು ಒಂದು ತುತ್ತು ಅನ್ನ ಹೊರಗಿಡುವುದು ಆಶ್ರಮದ ಪದ್ಧತಿ. ಹಿಂದೆ ಅದನ್ನು ಹೊಳೆದಂಡೆಯ ಕಲ್ಲಿನ ಮೇಲೆ ಇಡುತ್ತಿದ್ದರು. ಹೋದ ವರ್ಷ ಆ ಸೇವೆ ಪಶುಪತಿಯ ಪಾಲಿಗೆ ಬಂತು. ಕಲ್ಲಿನ ಮೇಲಿಟ್ಟರೆ ನಾಯಿ ತಿಂದುಬಿಡುತ್ತದೆ ಎಂದು ಅವನು ಅನ್ನದ ಉಂಡೆಯನ್ನು ಸೂರಿನ ಮೇಲೆ ಎಸೆಯತೊಡಗಿದ. ಅದೂ ಪಾದುಕೆಯ ನೇರಕ್ಕೆ, ಪುಣ್ಯವೆಲ್ಲ ಗುರುಗಳಿಗೇ ಸೇರಲಿ ಎಂದು. ಭಕ್ತಿ ಉಕ್ಕಿದ ದಿನ ಎರಡು ಬಾಳೆಹಣ್ಣೂ ಸೇರುತ್ತಿದ್ದವು. ಅವನಿಗೆ ಭಕ್ತಿ ಉಕ್ಕದ ದಿನವೇ ಇರಲಿಲ್ಲ.

ಬಲಿ ಹಾಕಿದವರು ಹಿಂತಿರುಗಿ ನೋಡಬಾರದು. ಅವನು ನೋಡುತ್ತಲೂ ಇರಲಿಲ್ಲ. ಎಸೆದು, ಕೈಮುಗಿದು, ಕೈಕಾಲು ತೊಳೆಯಲು ಹೊಳೆಗೆ ಹೋಗಿಬಿಡುತ್ತಿದ್ದ.

ಮರುದಿನವೂ ಎಸೆದ. ಹಿಂತಿರುಗಲಿಲ್ಲ. ಅಪ್ಪಣೆಯಂತೆ ಒಳಗೆ ಬಂದು, ಅಂಜುತ್ತಾ, ಮಣೆಯ ತುದಿಯಲ್ಲಿ ಕೂತು ಪಾದುಕೆಗೆ ಕೈಮುಗಿದ.

ಮೇಲೆ ಧಡ್ ಎಂದಿತು.

ಮತ್ತೆ ಧಡ್ ಧಡ್. ಸೂರಿನ ಧೂಳು ಅವನ ಶಿಖೆಯ ಮೇಲೆ ಸುರಿಯಿತು. ಯಾರೋ ಹೆಂಚುಗಳ ಮೇಲೆ ಕಿತ್ತಾಡುತ್ತಿದ್ದರು. ಒಂದು ಹೆಂಚು ಕರ್ರ್ ಎಂದು ಸರಿಯಿತು, ಬಿಸಿಲ ಕೋಲು ನೇರ ಮಣೆಯ ಮೇಲೆ ಬಿತ್ತು. ಆ ಸಂದಿಯಲ್ಲಿ ಮೊದಲು ಒಂದು ಕಪ್ಪು ಕೈ ಬಂತು. ಸಂದಿಗೆ ಜಾರಿದ್ದ ಬಾಳೆಹಣ್ಣನ್ನು ತಡಕಿ ತೆಗೆದುಕೊಂಡಿತು. ಆಮೇಲೆ ಒಂದು ಮುಖ ಬಗ್ಗಿ ನೋಡಿತು. ಗಲ್ಲದ ತುಂಬ ಅನ್ನದ ಅಗುಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅದು ಹಲ್ಲು ಕಿರಿಯಿತು.

“ಗುರುಗಳೇ! ಕೋತಿ! ಕೋತಿ!”

ಬಾಗಿಲಲ್ಲಿ ನಿಂತಿದ್ದ ಗುರುಗಳು ಕೇಳಿದರು, “ಒಂದೇನಾ? ಸಂಸಾರ ಸಮೇತ ಬರುತ್ತಿದ್ದನಲ್ಲ.”

ಭಾಗಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದರು. ಮೇಲೆ ನೋಡಿದರು, ಪಶುಪತಿಯ ತಲೆಯ ಮೇಲಿನ ಧೂಳು ನೋಡಿದರು. ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಒಳಗಿನಿಂದ ಬಹಳ ಹೊತ್ತು ನಗು ಕೇಳಿಸುತ್ತಿತ್ತು.

ಪಶುಪತಿ ಮಣೆಯಿಂದ ಇಳಿದು ಗುರುಗಳ ಕಾಲಿಗೆ ಬಿದ್ದ.

“ಸೂರು ಒಡೆಸಿದವನು ನಾನೇ. ನಿಮ್ಮನ್ನು ನೆನೆಸಿದವನೂ ನಾನೇ.”

“ಏಳು, ಏಳು. ಹನುಮಂತನಿಗೆ ಊಟ ಹಾಕಿದವನೂ ನೀನೇ. ಅದನ್ನೂ ಸೇರಿಸಿಕೋ.”

ಮರುದಿನ ಬೆಳಗ್ಗೆ ಅವನು ಮೂವರನ್ನೂ ಒಟ್ಟಿಗೆ ಕರೆಸಿದ. ನಡೆದದ್ದನ್ನು ಮುಚ್ಚಿಡದೆ ಹೇಳಿದ. ಮರಿಯಾಚಾರಿ ಕಂಬ ಹಿಡಿದುಕೊಂಡು ನಕ್ಕರು.

ಇನಾಯತ್ ಸಾಬರು ಕೈ ಚೆಲ್ಲಿದರು. “ನಾನು ಕೇಳಿದ್ನಲ್ಲಾ ಸ್ವಾಮಿ!”

“ಕೇಳಿದಿರಿ. ನಾನು ನೋಡಿಯೇ ಇರಲಿಲ್ಲ. ಈಗ ಮೂವರನ್ನೂ ಒಂದೇ ಮಾತು ಕೇಳುತ್ತೇನೆ. ಇಂದಿನಿಂದ ಸೂರಿನ ಮೇಲೆ ಕೋತಿ ಬರುವುದಿಲ್ಲ. ಏಣಿ ಇಲ್ಲಿದೆ. ಹತ್ತಿ ಆ ಮೂಲೆಯನ್ನು ನೋಡಿ ಹೇಳಿ, ಏನು ಮಾಡಬೇಕು?”

ಒಬ್ಬೊಬ್ಬರಾಗಿ ಹತ್ತಿ ಇಳಿದರು. ಮೂವರ ಉತ್ತರವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಆ ಮೂಲೆಯ ಒಡೆದ ಹೆಂಚು ತೆಗೆದು ಬೇರೆ ಹಾಕಬೇಕು. ನೀರು ಕುಡಿದ ಒಂದು ಮರ ಬದಲಾಗಬೇಕು. ಉಳಿದದ್ದು ಗಟ್ಟಿಯಾಗಿದೆ.

ರಾಜಶೇಖರ ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿದ. “ಇಷ್ಟಕ್ಕೆ ನಾನ್ಯಾಕೆ ಸ್ವಾಮಿ? ಇವರಿಬ್ಬರಿಗೇ ಕೊಡಿ. ಹೆಂಚು ನನ್ನ ಗಾಡೀಲಿ ಕಳಿಸ್ಕೊಡ್ತೀನಿ, ನನ್ನ ಸೇವೆ ಅಂತ ಇರಲಿ.” ಭಾಗಮ್ಮ ಅವನಿಗೆ ಎರಡನೆಯ ಲೋಟ ಕಾಫಿ ಕೊಟ್ಟರು.

ಅಂದು ಮಧ್ಯಾಹ್ನ ಅನ್ನದ ಉಂಡೆ ಹೊಳೆದಂಡೆಯ ಕಲ್ಲಿಗೆ ಹೋಯಿತು. ಕಾಗೆ ಬಂತು, ಕೋತಿ ಬಂತು, ಬಾಲ ಅಲ್ಲಾಡಿಸುತ್ತಾ ನಾಯಿಯೂ ಬಂತು. ಈ ಸಲ ಪಶುಪತಿ, ದೇವರಲ್ಲಿ ಕ್ಷಮೆ ಬೇಡಿ, ಸ್ವಲ್ಪವೇ ಹಿಂತಿರುಗಿ ನೋಡಿದ.

ಭಗವಂತನ ದಯೆ, ಕೆಲಸ ಮುಗಿಯುವವರೆಗೆ ಮಳೆ ಕಾದುಕೊಂಡಿತು.

ವ್ಯಾಸಪೂರ್ಣಿಮೆಯ ದಿನ ಸಂಕಲ್ಪವಾಗುತ್ತಿದ್ದಂತೆ ಮೋಡ ಕವಿದು ಧೋ ಎಂದು ಸುರಿಯಿತು. ಗುರುಗಳು ಮಣೆಯ ಮೇಲೆ ಕೂತಿದ್ದರು. ಪಶುಪತಿ ಉಸಿರು ಬಿಗಿಹಿಡಿದು ಮೇಲೆಯೇ ನೋಡುತ್ತಿದ್ದ. ಒಂದು ಹನಿಯೂ ಇಳಿಯಲಿಲ್ಲ.

ಗುರುಗಳು ಖಾಲಿ ಚೊಂಬಿನೊಳಗೆ ಇಣುಕಿ ನೋಡಿದರು. “ಛೆ, ಸಂಗೀತ ಹೋಯಿತು.”

ಪಶುಪತಿ ಹತ್ತಿರ ಸರಿದು ಕೂತ.

“ಗುರುಗಳೇ, ನಿಮಗೆ ಮೊದಲಿಂದಲೂ ಗೊತ್ತಿತ್ತು.”

“ದಿನಾ ಮಧ್ಯಾಹ್ನ ಇಣುಕಿ ಮಾತಾಡಿಸುತ್ತಿದ್ದನಲ್ಲ, ಗೊತ್ತಿರದೆ ಏನು?”

“ಹೋದ ವರ್ಷವೇ ಒಂದು ಮಾತು ಹೇಳಬಾರದಿತ್ತೇ? ಅಷ್ಟು ಕೆಮ್ಮಿದಿರಿ.”

“ಹೇಳಿದ್ದೆನಲ್ಲ. ‘ಹೊಳೆದಂಡೆಯ ಕಲ್ಲು ಬರಿದಾಗಿದೆ ಪಶುಪತಿ, ಮೇಲೆ ಭಾರ ಹೆಚ್ಚಾಗಿದೆ’ ಅಂದಿದ್ದೆ.”

ಪಶುಪತಿ ತಲೆ ತಗ್ಗಿಸಿದ. “ನಾನು ಅದನ್ನು ವೇದಾಂತ ಅಂದುಕೊಂಡು ಮೂರು ತಿಂಗಳು ಧ್ಯಾನ ಮಾಡಿದೆ.”

ಗುರುಗಳು ಮೈ ಕುಲುಕಿಸಿ ನಕ್ಕರು. ಕೆಮ್ಮು ಬರಲಿಲ್ಲ.

“ಹೋಗಲಿ, ಈ ಸಲ ನಾನು ಮೂವರ ಕೊಟೇಶನ್ ಹಿಡಿದುಕೊಂಡು ಅಷ್ಟು ಒದ್ದಾಡುವಾಗಲಾದರೂ, ಕೋತಿ ಕಣಯ್ಯಾ ಎಂದು ಬಿಡಿಸಿ ಹೇಳಬಹುದಿತ್ತಲ್ಲ, ಗುರುಗಳೇ?”

ಗುರುಗಳು ಮೇಲಿನ ಹೊಸ ಹೆಂಚುಗಳನ್ನು ಒಮ್ಮೆ ನೋಡಿದರು. ಚೊಂಬನ್ನು ಬೋರಲು ಹಾಕಿದರು.

“ಹೇಳಿದ್ದರೆ ಅದು ನಿನಗೆ ನಾಲ್ಕನೆಯ ಕೊಟೇಶನ್ ಆಗುತ್ತಿತ್ತು, ಮಗು.”