ತಪ್ಪಿಸಿಕೊಂಡ ಮೀನಿನ ಉದ್ದ

ಬೇಸಿಗೆ ಮುಗಿಯುವ ಹೊತ್ತಿಗೆ ಬೆಟ್ಟದ ಹೊಳೆಯೊಂದರಲ್ಲಿ ಗೇಣುದ್ದದ ಟ್ರೌಟ್ ಮೀನೊಂದು ಗಾಳದಿಂದ ತಪ್ಪಿಸಿಕೊಂಡಿತು. ಗಾಳ ಹಾಕಿದ್ದವನು ಎರಡು ದಿನ ಬೆಟ್ಟ ಹತ್ತಿ ಬಂದಿದ್ದ ಉತ್ತಯ್ಯ. ಅವನು ದಡದ ಬಂಡೆಯ ಮೇಲೆ ಕೂತು, ಎರಡೂ ಕೈ ಅಗಲಿಸಿ ಜೊತೆಗಾರರಿಗೆ ತೋರಿಸಿದ.

"ಇಷ್ಟುದ್ದ ಇತ್ತು ನೋಡಿ. ತಪ್ಪಿಸಿಕೊಳ್ಳದೇ ಇದ್ದಿದ್ದರೆ ನನ್ನನ್ನೇ ಎಳೆದುಕೊಂಡು ಹೋಗುತ್ತಿತ್ತು."

ನೀರೊಳಗಿದ್ದ ಮೀನು ಹಿಗ್ಗಿಹೋಯಿತು. "ಕೇಳಿದೆಯಾ ಏಡಿಯಣ್ಣ? ಅದು ನಾನೇ."

"ನೀನು ಇರೋದೇ ಒಂದು ಗೇಣು ತಂಗಿ," ಎಂದಿತು ಏಡಿ. "ಜೀವ ಉಳಿದಿದೆ, ಸುಮ್ಮನೆ ಕಲ್ಲಿನ ಸಂದಿಗೆ ಹೋಗು."

"ನಂಬಿಕೆ ಇಲ್ಲವಾ? ಅವನ ಬಾಯಿಂದಲೇ ಹೇಳಿಸುತ್ತೇನೆ, ಇರು," ಎಂದ ಮೀನು ಒಂದೇ ನೆಗೆತಕ್ಕೆ ಉತ್ತಯ್ಯನ ತೊಡೆಯ ಮೇಲೆ ಹೋಗಿ ಬಿತ್ತು. ಗಾಳದ ಗಾಯ ಎಲ್ಲರಿಗೂ ಕಾಣಲೆಂದು ಬಾಯಿ ಅಗಲವಾಗಿ ತೆರೆದೇ ಇಟ್ಟಿತು.

ಜೊತೆಗಾರನೊಬ್ಬ ಬಗ್ಗಿ ನೋಡಿದ. "ತುಟಿ ಹರಿದಿದೆ. ನಿಮ್ಮ ಮೀನು ಇದೇ ಅಲ್ಲವೇನ್ರೀ? ಬಾಣಲೆ ಕಾದಿದೆ, ಕೊಡಿ ಇಲ್ಲಿ."

ಉತ್ತಯ್ಯ ಮೀನನ್ನು ನೋಡಿದ. ಇನ್ನೂ ಅಗಲಿಸಿಯೇ ಇದ್ದ ತನ್ನ ಕೈಗಳನ್ನು ನೋಡಿದ.

"ಛೆ, ಇದಲ್ಲ. ಇದು ಅದರ ಮೊಮ್ಮಗಳಿರಬೇಕು," ಎಂದು ಗಡಿಬಿಡಿಯಲ್ಲಿ ಅದನ್ನು ಹೊಳೆಗೆ ಎಸೆದುಬಿಟ್ಟ.

"ಬದುಕಿದೆಯಲ್ಲ ತಾಯಿ, ನಿನ್ನ ಪುಣ್ಯ," ಎಂದಿತು ಏಡಿ.

ಮೀನಿಗೆ ಅಳುವೇ ಬಂತು. "ಬದುಕಿದ್ದೇನೋ ಸರಿ ಅಣ್ಣ. ಮೊಮ್ಮಗಳು ಅಂದುಬಿಟ್ಟನಲ್ಲ. ಸಂಜೆ ಮತ್ತೆ ಗಾಳ ಹಾಕಲಿ, ಮೇಲೆ ಹೋಗಿ ಸರಿಯಾಗಿ ವಿಚಾರಿಸಿಕೊಳ್ಳುತ್ತೇನೆ."